ಇಳಿಯುವ ಮುಳ್ಳು

ಗೇನರ್ ಸಂಜೆ ಮಾರ್ಕೆಟ್‌ನಿಂದ ಬಂದು ಹಿಂಬಾಗಿಲು ತೆರೆದಾಗ ಅಡುಗೆಮನೆಯೊಳಗೆ ಅವಳ ಉಸಿರೇ ಹೊಗೆಯಾಗಿ ಕಂಡಿತು. ದೀಪ ಹಾಕುವ ಮೊದಲೇ ಗೊತ್ತಾಯಿತು, ಮತ್ತೆ ಅದೇ ರಾಮಾಯಣ. ಮನೆಯ ಕೋಣೆಗಳನ್ನೆಲ್ಲ ಬೆಚ್ಚಗಿಡುವ ಗೋಡೆಯ ಮೇಲಿನ ಬಾಯ್ಲರಿನ ಕೆಂಪು ದೀಪ ಮಿಟುಕುತ್ತಿತ್ತು. ಅದರಡಿಯ ಪುಟ್ಟ ಮೀಟರಿನ ಮುಳ್ಳು ಕೆಂಪು ಗೆರೆಯ ಕೆಳಗೆ ಬಿದ್ದುಕೊಂಡಿತ್ತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವಳೇ ನೀರು ತುಂಬಿಸಿ, ಆ ಮುಳ್ಳನ್ನು ಹಸಿರು ಭಾಗದ ನಟ್ಟನಡುವೆ ನಿಲ್ಲಿಸಿ ಹೋಗಿದ್ದಳು.

"ಥೂ, ನಿನ್ನ ಜನ್ಮಕ್ಕೆ!" ಎಂದಳು ಬಾಯ್ಲರಿಗೆ.

ಕೋಟು ಬಿಚ್ಚದೆಯೇ ಮುಂಕೋಣೆಗೆ ಹೋದಳು. ಹೆಟ್ಟಿ ಚಿಕ್ಕಮ್ಮ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಮೂರು ಸ್ವೆಟರು, ತಲೆಗೆ ಉಣ್ಣೆಯ ಟೋಪಿ, ಹೊದಿಕೆಯ ಒಳಗೆ ಹೊಟ್ಟೆಯ ಮೇಲೆ ಬಿಸಿನೀರಿನ ರಬ್ಬರ್ ಚೀಲ. ಮೂಗಿನ ತುದಿ ನೀಲಿಯಾಗಿತ್ತು.

"ಯಾವಾಗ ಹೋಯ್ತು ಚಿಕ್ಕಮ್ಮ?" ಎಂದು ಗೇನರ್ ಗಟ್ಟಿಯಾಗಿ, ತುಟಿ ಕಾಣುವ ಹಾಗೆ ಕೇಳಿದಳು. ಮಗ್ಗದ ಗಿರಣಿಯಲ್ಲಿ ದುಡಿದ ಹೆಟ್ಟಿಗೆ ಕಿವಿ ಮಂದ.

"ಬೆಳಿಗ್ಗೇನೇ ಕಂದಾ. ನೀ ಹೋದ ಸ್ವಲ್ಪ ಹೊತ್ತಿಗೆ. ಪರವಾಗಿಲ್ಲ ಬಿಡು. ನೆವಿಲ್ ಕೆಲಸಕ್ಕೆ ಹೋಗೋ ಮುಂಚೆ ಚೀಲ ತುಂಬಿಸಿ ಕೊಟ್ಟ. ಮಧ್ಯಾಹ್ನ ಊಟಕ್ಕೆ ಬಂದಾಗ ಮತ್ತೆ ತುಂಬಿಸಿದ. ಪಾಪ, ಒಳ್ಳೆ ಹುಡುಗ."

ಆ ಒಳ್ಳೆ ಹುಡುಗ ಗೇನರಳ ಗಂಡ, ವಯಸ್ಸು ಐವತ್ತಾರು. ಕಂಬಳಿ ಮತ್ತು ನೆಲಹಾಸು ಮಾರುವ ಅಂಗಡಿಯಲ್ಲಿ ಕೆಲಸ. ಅಕ್ರಿಂಗ್ಟನ್ ಎಂಬ ಆ ಗಿರಣಿ ಊರಿನ ಬೀದಿಯಲ್ಲಿ ನೆವಿಲ್ ಎಂದರೆ ಎಲ್ಲರಿಗೂ ಬೇಕಾದವನು. ಯಾರ ಮನೆಯ ಮುಂದಿನ ಹಿಮವನ್ನಾದರೂ ಗೋರಿ ಕೊಡುತ್ತಾನೆ, ಯಾರ ಬೆಕ್ಕಿಗಾದರೂ ಹಾಲಿಡುತ್ತಾನೆ. ಹೆಂಡತಿಯ ಚಿಕ್ಕಮ್ಮನನ್ನು ಮನೆಗೆ ಕರೆದುಕೊಂಡು ಬಂದಾಗಲೂ ಮುಖ ಸಿಂಡರಿಸಿದವನಲ್ಲ. ಅಕ್ಟೋಬರಿನಲ್ಲಿ ಹೆಟ್ಟಿ ತನ್ನ ಮನೆಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಇನ್ನೆಲ್ಲಿಗೆ ಹೋಗಬೇಕು? ಗೇನರಳ ತಾಯಿ ತೀರಿಕೊಂಡಾಗ ಎಳೆಯ ಮಗುವನ್ನು ಎತ್ತಿಕೊಂಡು ಹೋಗಿ, ತಾನು ಮದುವೆಯೂ ಆಗದೆ ಸಾಕಿದವಳು ಅವಳು. ಮಹಡಿ ಹತ್ತುವುದಕ್ಕೆ ಆಗುವುದಿಲ್ಲವೆಂದು ಮುಂಕೋಣೆಯ ಸೋಫಾವನ್ನು ಹಿತ್ತಲ ಶೆಡ್ಡಿಗೆ ಹಾಕಿ, ಅಲ್ಲೇ ಮಂಚ ಹಾಕಿದರು. ದೊಡ್ಡ ಟಿವಿ ಮಾತ್ರ ಗೋಡೆಗೆ ಬಿಗಿದದ್ದು ಬಿಗಿದ ಹಾಗೇ ಉಳಿಯಿತು. ಹೆಟ್ಟಿ ಕತ್ತಲಾದರೆ ಮಲಗುವವಳು. ಹೀಗಾಗಿ ನೆವಿಲ್ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಬ್ರೆಡ್ ಡಬ್ಬಿಗೆ ಒರಗಿಸಿಟ್ಟ ಹಳೆಯ ಚಿಕ್ಕ ಟಿವಿಯಲ್ಲಿ ಫುಟ್‌ಬಾಲ್ ನೋಡತೊಡಗಿದ. "ಮನೆಯವರಿಗಾಗಿ ಇಷ್ಟೂ ಮಾಡದಿದ್ರೆ ಹೇಗೆ?" ಎಂದು ನಕ್ಕಿದ್ದ.

ಬಾಯ್ಲರ್ ಕೈಕೊಡಲು ಶುರುವಾದದ್ದು ಕ್ರಿಸ್‌ಮಸ್ ಕಳೆದ ಮೇಲೆ.

ಮೊದಲ ಸಲ ಮುದಸ್ಸರ್ ಬಂದ. ಮೂರು ಬೀದಿ ಆಚೆಯ ಹುಡುಗ, ಆ ಭಾಗದ ಅರ್ಧ ಮನೆಗಳ ಬಾಯ್ಲರ್ ನೋಡುವವನು, ಬಾಯಿ ಮುಚ್ಚಿದವನೇ ಅಲ್ಲ. ಮುಚ್ಚಳ ಬಿಚ್ಚಿ, ಟಾರ್ಚು ಬಿಟ್ಟು, ಒಳಗೆಲ್ಲ ಕೈಯಾಡಿಸಿದ. ಒತ್ತಡ ಹೆಚ್ಚಾದರೆ ನೀರು ಹೊರಬೀಳಲೆಂದು ಹೊರಗಿನ ಗೋಡೆಯಿಂದ ಚಾಚಿದ ತಾಮ್ರದ ಕೊಳವೆಯ ಬಾಯಿ ಮುಟ್ಟಿ ನೋಡಿದ. ಒಣಗಿತ್ತು.

"ಅಕ್ಕಾ, ನಿಮ್ಮ ಬಾಯ್ಲರ್‌ಗೆ ರೋಗ ಏನಿಲ್ಲ. ನೀರು ಕಮ್ಮಿಯಾಗಿ ಒತ್ತಡ ಇಳಿದಿದೆ, ಅದಕ್ಕೇ ತಾನಾಗಿ ನಿಂತಿದೆ. ಇಲ್ಲಿ ನೋಡಿ, ಈ ಜಡೆ ಹೆಣೆದ ಹಾಗಿರೋ ಪೈಪು. ಇದರ ಎರಡು ತುದೀಲೂ ನಲ್ಲಿ ಇದೆ. ಎರಡೂ ತಿರುಗಿಸಿ, ಮುಳ್ಳು ಹಸಿರಿಗೆ ಬಂದ ಕೂಡ್ಲೆ ಮುಚ್ಚಿ. ಇಷ್ಟೇ ಕೆಲಸ, ನನ್ನ ಕರೆಯೋದೇ ಬೇಡ."

"ನೀರು ಹೋಗೋದೆಲ್ಲಿಗೆ?"

"ಅದೇ ಕಂಡುಹಿಡೀಬೇಕು. ಮುಚ್ಚಿದ ಪೈಪಿನಲ್ಲಿರೋ ನೀರು ಆಕಾಶಕ್ಕಂತೂ ಹೋಗಲ್ಲ."

ಅವನು ಹೋಗುವ ಮುಂಚೆ ಬಾಯ್ಲರಿನ ಬಿಸಿನೀರು ಹರಿದು ಕೋಣೆ ಕಾಯಿಸುವ ಕಬ್ಬಿಣದ ರೇಡಿಯೇಟರುಗಳಲ್ಲಿ ಕೆಳಗಿನ ಒಂದರ ಗಾಳಿ ತಿರುಪನ್ನು ಬಿಚ್ಚಿ ಒಂದಿಷ್ಟು ನೀರನ್ನು ಬಟ್ಟೆಗೆ ಹಿಡಿದು ತೋರಿಸಿದ. ಗಟಾರದ ಕೆಸರಿನ ಬಣ್ಣ. ಕೊಳೆತ ಮೊಟ್ಟೆ, ತುಕ್ಕು, ಒದ್ದೆ ನಾಣ್ಯ ಎಲ್ಲ ಕಲಸಿದ ನಾತ. ಗೇನರ್ ಮಾರ್ಕೆಟ್ಟಿನ ಅಂಗಡಿಯಲ್ಲಿ ಇಡೀ ದಿನ ಚೀಸ್ ಕತ್ತರಿಸುವವಳು, ನಾತಕ್ಕೆ ಹೆದರುವವಳಲ್ಲ. ಆದರೂ ಆ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿತ್ತಲ ಕಸದ ಡಬ್ಬಿಗೆ ಹಾಕಿ ಬಂದಳು.

"ವರ್ಷಾನುಗಟ್ಟಲೆ ಇದೇ ನೀರು ಸುತ್ತುತ್ತಿರುತ್ತೆ ಅಕ್ಕಾ. ಎಲ್ಲರ ಮನೇಲೂ ಹೀಗೇ. ಒಳಗೇನಿದೆ ಅಂತ ಯಾರೂ ನೋಡಲ್ಲ, ಬೆಚ್ಚಗಿದ್ರೆ ಸಾಕು."

ಎರಡನೆಯ ಸಲ ಮುದಸ್ಸರ್ ಬಂದಾಗ ಬಾಯ್ಲರಿನ ಒಳಗೆ ಒತ್ತಡ ಸಮ ಇಡುವ ಗಾಳಿಯ ಡಬ್ಬಿಗೆ ಸೈಕಲ್ ಪಂಪು ಹಚ್ಚಿ ಪರೀಕ್ಷಿಸಿದ, ಅದೂ ಸರಿಯಾಗಿತ್ತು. ಆ ಮೇಲೆ ಪತ್ತೇದಾರಿಕೆ ಗೇನರಳ ಪಾಲಿಗೆ ಬಿತ್ತು. ಅವನು ಹೇಳಿಕೊಟ್ಟ ಹಾಗೆ ಹೊರಗಿನ ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದಳು. ಒಂದು ಹನಿಯೂ ಅದರಲ್ಲಿ ಬೀಳಲಿಲ್ಲ. ಮನೆಯ ಎಲ್ಲ ರೇಡಿಯೇಟರಿನ ಕೆಳಗೂ, ಎಲ್ಲ ವಾಲ್ವಿನ ಕುತ್ತಿಗೆಗೂ ಟಿಶ್ಯೂ ಕಾಗದ ಸುತ್ತಿದಳು. ಒಂದೂ ಒದ್ದೆಯಾಗಲಿಲ್ಲ. ಮೊಣಕಾಲೂರಿ ನೆಲಹಾಸಿನ ಅಂಚು ಎಬ್ಬಿಸಿ, ಹಲಗೆ ಸಂದಿಗೆ ಮೂಗಿಟ್ಟು ಮೂಸಿದಳು. ಧೂಳು, ಸತ್ತ ಹುಳ, ಹಿಂದಿನ ಬಾಡಿಗೆದಾರರ ನಾಯಿಯ ಕೂದಲು. ನೀರಿಲ್ಲ.

"ಬಿಡೇ, ಯಾಕೆ ನೆಲ ನೆಕ್ತೀಯ?" ಎಂದ ನೆವಿಲ್, ಸ್ಟೂಲಿನ ಮೇಲಿನಿಂದ. "ಇದು ಪೈಪಿನ ಕೆಲಸ. ಗೋಡೆ ಒಡೆದು, ಹಲಗೆ ಎಬ್ಬಿಸಿ ಎಲ್ಲ ಹೊಸದಾಗಿ ಎಳೀಬೇಕು. ಚಳಿಗಾಲ ಮುಗಿಯೋ ತನಕ ಆಗದ ಮಾತು. ನಂಗೆ ನನ್ನ ಚಿಂತೆ ಇಲ್ಲ. ಚಿಕ್ಕಮ್ಮನ ಎದೆ ನೋಡು, ಹೇಗೆ ಗೊರಗೊರ ಅಂತಿದೆ."

"ಮತ್ತೇನು ಮಾಡೋಣ ಅಂತೀಯ?"

"ನಾನೇನೂ ಅನ್ನಲ್ಲಪ್ಪ. ಅವರು ನಿನ್ನ ಚಿಕ್ಕಮ್ಮ. ಆದ್ರೆ ಆ ಗುಡ್ಡದ ಮೇಲಿನ ವೃದ್ಧಾಶ್ರಮ ಇದೆಯಲ್ಲ, ನಮ್ಮ ಅಂಗಡಿಯಿಂದಲೇ ಅಲ್ಲಿಗೆ ನೆಲಹಾಸು ಹೋಗಿದ್ದು. ಒಳಗೆ ಕಾಲಿಟ್ರೆ ಬ್ರೆಡ್ ಒಲೆ ಹಾಗೆ ಬಿಸಿ. ಮುದುಕಿಯರೆಲ್ಲ ತೋಳಿಲ್ಲದ ಅಂಗಿ ಹಾಕ್ಕೊಂಡು ಕೂತಿರ್ತಾರೆ."

ಅದನ್ನೇ ಅವನು ಇನ್ನೊಂದು ದಿನ ಹೆಟ್ಟಿಯ ಎದುರೂ ಹೇಳಿದ, ಚೀಲಕ್ಕೆ ಬಿಸಿನೀರು ತುಂಬಿ, ಟವಲು ಸುತ್ತಿ, ಅವಳ ಪಾದದ ಹತ್ತಿರ ಮೆತ್ತಗೆ ಒತ್ತಿ ಇಡುತ್ತಾ. "ನಿಮ್ಮನ್ನ ಕಳಿಸೋಕೆ ನಮಗೆ ಮನಸ್ಸಿದೆಯಾ ಚಿಕ್ಕಮ್ಮ? ನಿಮ್ಮ ಆರೋಗ್ಯದ ದೃಷ್ಟಿಯಿಂದ ಹೇಳಿದೆ ಅಷ್ಟೇ." ಹೆಟ್ಟಿ ಅವನ ತುಟಿಗಳನ್ನೇ ನೋಡುತ್ತಿದ್ದು, ಕೊನೆಗೆ "ಆಯ್ತಪ್ಪ. ಹೋಗ್ತೀನಿ" ಎಂದಳು. ಬಾಗಿಲಲ್ಲಿ ನಿಂತಿದ್ದ ಗೇನರಳ ಎದೆಯಲ್ಲಿ ಏನೋ ಸಡಿಲವಾಯಿತು. ಇನ್ನು ಕೆಟಲ್ ನೀರಿನಲ್ಲಿ ಮೈ ಒರೆಸುವುದು ಬೇಡ, ಕೆಮ್ಮಿಗೆ ಕಿವಿಗೊಟ್ಟು ಮಲಗುವುದು ಬೇಡ. ಆಶ್ರಮದ ಮಿಸೆಸ್ ಹಾವರ್ತ್ ಶುಕ್ರವಾರ ಬಂದು ಹೆಟ್ಟಿಯನ್ನು ನೋಡಿ ಹೋಗುವುದೆಂದು ನಿಶ್ಚಯವಾಯಿತು.

ಗುರುವಾರ ಬೆಳಿಗ್ಗೆ ಹಿಮ ಬಿದ್ದಿತ್ತು. ಗೇನರ್ ಎಂದಿನಂತೆ ಎದ್ದು, ಬಾಯ್ಲರಿನ ಎರಡೂ ನಲ್ಲಿ ತಿರುಗಿಸಿ ನೀರು ತುಂಬಿಸಿದಳು. ಬಾಯ್ಲರ್ ಕೆಮ್ಮಿ, ಗುಂಯ್ ಎಂದು ಹೊತ್ತಿಕೊಂಡಿತು. ಹೆಟ್ಟಿಗೆ ಗಂಜಿಯನ್ನೂ ಚಹಾವನ್ನೂ ಕೊಟ್ಟು, ಕೋಟು ತೊಟ್ಟು ಹೊರಟಳು. ಮಹಡಿಯಲ್ಲಿ ನೆವಿಲ್ ಇನ್ನೂ ಹಾಸಿಗೆಯಲ್ಲಿದ್ದ.

ಬಸ್ ನಿಲ್ದಾಣದಲ್ಲಿ ಯಾರೂ ಇರಲಿಲ್ಲ. ಎಷ್ಟು ಹೊತ್ತು ಕಾದರೂ ಬಸ್ ಬರಲಿಲ್ಲ. ಕಡೆಗೆ ನಾಯಿಯನ್ನು ಎಳೆದುಕೊಂಡು ಬಂದ ಮುದುಕನೊಬ್ಬ "ಗುಡ್ಡದ ರಸ್ತೆ ಬಂದ್ ಆಗಿದೆ ತಾಯಿ, ಇವತ್ತು ಬಸ್ಸೂ ಇಲ್ಲ ಗಿಸ್ಸೂ ಇಲ್ಲ" ಎಂದ. ಚೀಸ್ ಅಂಗಡಿಯ ಯಜಮಾನಿಗೆ ಫೋನ್ ಮಾಡಿ, ಬೂಟಿನ ತುಂಬ ಹಿಮ ತುಂಬಿಕೊಂಡು ಗೇನರ್ ಮನೆಗೆ ತಿರುಗಿದಳು. ಚಿಕ್ಕಮ್ಮ ನಿದ್ದೆಹೋಗಿರಬಹುದೆಂದು ಹಿಂಬಾಗಿಲನ್ನು ಸದ್ದಾಗದಂತೆ ತೆರೆದಳು. ಬೂಟು ಕಳಚಿದಳು. ಅಡುಗೆಮನೆ ಬೆಚ್ಚಗಿತ್ತು. ಎಷ್ಟೋ ದಿನಗಳ ಮೇಲೆ ಆ ಸುಖ ಕಂಡು, ಸ್ಟೂಲಿನ ಮೇಲೆ ಕೂತು, ಬೆರಳುಗಳನ್ನು ಬಾಯ್ಲರಿನ ಹೊಟ್ಟೆಗೆ ಹಿಡಿದಳು.

ಕಣ್ಣು ಸುಮ್ಮನೆ ಮೀಟರಿನ ಮೇಲಿತ್ತು. ಮುಳ್ಳು ಹಸಿರಿನ ಮಧ್ಯೆ ನಿಂತಿತ್ತು. ನೋಡುತ್ತಿದ್ದಂತೆ ಅದು ಒಂದು ಕೂದಲೆಳೆಯಷ್ಟು ಕೆಳಗೆ ಬಂತು.

ಗೇನರ್ ಕಣ್ಣುಜ್ಜಿಕೊಂಡಳು. ಮತ್ತೊಂದು ಎಳೆ. ಇನ್ನೊಂದು. ಯಾರೋ ಬೆರಳಿಟ್ಟು ಒತ್ತುತ್ತಿರುವ ಹಾಗೆ ಮುಳ್ಳು ನಿಧಾನವಾಗಿ, ನಿಲ್ಲದೆ ಇಳಿಯುತ್ತಿತ್ತು. ಇಷ್ಟು ದಿನ ಅವಳು ಮುಳ್ಳು ಇಳಿದು ಬಿದ್ದದ್ದನ್ನು ನೋಡಿದ್ದಳು, ಇಳಿಯುವುದನ್ನು ನೋಡಿರಲಿಲ್ಲ. ಉಸಿರು ಹಿಡಿದು ಕಿವಿಗೊಟ್ಟಳು. ಮೇಲಿನಿಂದ ಸಣ್ಣ ಸಿಳ್ಳು, ಅದರ ಹಿಂದೆ ಪ್ಲಾಸ್ಟಿಕ್ಕಿನ ಮೇಲೆ ನೀರಿನ ದಾರ ಬೀಳುವ ಸದ್ದು. ಅದರ ಜೊತೆಗೆ ನೆವಿಲ್ ಮೆಲ್ಲಗೆ ಗುನುಗುತ್ತಿದ್ದದ್ದೂ ಕೇಳಿಸಿತು.

ಕಾಲುಚೀಲದಲ್ಲೇ ಮೆಟ್ಟಿಲು ಹತ್ತಿದಳು. ಬಚ್ಚಲುಮನೆಯ ಬಾಗಿಲು ತೆರೆದೇ ಇತ್ತು. ಮನೆಯಲ್ಲಿ ಕಿವಿ ಕೇಳದ ಮುದುಕಿ ಒಬ್ಬಳೇ ಇರುವಾಗ ಬಾಗಿಲು ಯಾಕೆ ಹಾಕಬೇಕು? ಕಿಟಕಿಯಡಿಯ ರೇಡಿಯೇಟರಿನ ಮುಂದೆ ನೆವಿಲ್ ಸ್ನಾನದ ಗೌನು ತೊಟ್ಟು ಮಂಡಿಯೂರಿ ಕೂತಿದ್ದ. ಬಲಗೈಯಲ್ಲಿ ಗಾಳಿ ತಿರುಪು ತಿರುಗಿಸುವ ಪುಟ್ಟ ಹಿತ್ತಾಳೆ ಕೀಲಿ. ಎಡಗೈಯಲ್ಲಿ ಐಸ್‌ಕ್ರೀಮಿನ ಹಳೆಯ ಡಬ್ಬ. ಡಬ್ಬದೊಳಕ್ಕೆ ಕಪ್ಪು ನೀರು ಜಿನುಗುತ್ತಿತ್ತು. ಬಚ್ಚಲೆಲ್ಲ ಅದೇ ನಾತ. ಡಬ್ಬ ತುಂಬಿತು. ಅವನು ತಿರುಪು ಬಿಗಿದು, ಅದನ್ನು ಕಮೋಡಿಗೆ ಸುರಿದು, ಮತ್ತೆ ಹಿಡಿದ. ಹಸು ಕರೆಯುವವನಷ್ಟು ನೆಮ್ಮದಿ ಇತ್ತು ಅವನ ಬೆನ್ನಿನಲ್ಲಿ.

ಅವನು ತಿರುಗಿ ನೋಡಿದ.

"ಓ, ನೀನಾ? ಬಸ್ ಇಲ್ವಾ?" ಎಂದ.

ಅವಳ ಕಣ್ಣು ಅವನ ಕೈಯ ಡಬ್ಬದ ಮೇಲಿತ್ತು.

"ಗಾಳಿ ತುಂಬ್ಕೊಂಡಿತ್ತು ಕಣೆ. ಬಿಡ್ತಾ ಇದ್ದೆ."

"ಗಾಳಿ ಇಷ್ಟು ಕಪ್ಪಗಿರುತ್ತಾ?"

ಅವನ ಕಿವಿ ಕೆಂಪಾಯಿತು. ಆದರೂ ಮುಗುಳ್ನಗೆ ಮುಖದಿಂದ ಇಳಿಯಲಿಲ್ಲ. ಅದು ಅವನು ಅಂಗಡಿಯಲ್ಲಿ ಗಿರಾಕಿಗೆ ತೋರಿಸುವ ನಗು. ಎದ್ದು ನಿಂತು, ಉಳಿದ ನೀರನ್ನು ಕಮೋಡಿಗೆ ಚೆಲ್ಲಿ, ಅಭ್ಯಾಸಬಲದಿಂದಲೇ ಇರಬೇಕು, ಡಬ್ಬವನ್ನು ಮುಖ ತೊಳೆಯುವ ಬೇಸಿನ್ನಿನಲ್ಲಿ ಅಲುಬಿದ. ಕಪ್ಪು ಹನಿಗಳು ಹಾರಿ, ಅಲ್ಲೇ ಲೋಟದಲ್ಲಿದ್ದ ಗೇನರಳ ಹಲ್ಲುಜ್ಜುವ ಬ್ರಷ್ಷಿನ ಮೇಲೆ ಬಿದ್ದವು. ದಿನಾ ಬೆಳಿಗ್ಗೆ ಇದೇ ಆಗುತ್ತಿತ್ತೆಂದು ಅವಳಿಗೆ ಹೊಳೆಯಿತು. ಕಳೆದ ವಾರ ಬ್ರಷ್ಷಿನ ಬುಡದಲ್ಲಿ ಕಂಡ ಕರಿ ಕಲೆಯನ್ನು ಬೂಷ್ಟು ಅಂದುಕೊಂಡು ತೊಳೆದು ಬಾಯಿಗಿಟ್ಟಿದ್ದಳು.

ಬಾಯಿಗೆ ಕೈ ಅಡ್ಡ ಹಿಡಿದು ಕಮೋಡಿನ ಮೇಲೆ ಬಗ್ಗಿದಳು. ಬೆಳಗಿನ ಚಹಾವೆಲ್ಲ ಹೊರಗೆ ಬಂತು. ನೆವಿಲ್ ಅವಳ ಬೆನ್ನು ಸವರಲು ಕೈ ಚಾಚಿದ.

"ಮುಟ್ಟಬೇಡ!"

"ಅಯ್ಯೋ, ಇಷ್ಟಕ್ಕೆಲ್ಲ..."

"ಮುಟ್ಟಬೇಡ ಅಂದೆ."

ಅವನು ಕೈ ಹಿಂದಕ್ಕೆ ತೆಗೆದು ಸ್ನಾನದ ತೊಟ್ಟಿಯ ಅಂಚಿನ ಮೇಲೆ ಕೂತ. ಗೌನಿನಿಂದ ಹೊರಬಿದ್ದ ಬಿಳಿಚು ಮೊಣಕಾಲುಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿದ್ದ.

"ನಾನೇನು ಅವರನ್ನ ಹೊಡೆದ್ನಾ? ಬೈದ್ನಾ?" ಎಂದ. "ಊಟದಲ್ಲಿ ಏನಾದ್ರೂ ಬೆರೆಸಿದ್ನಾ? ಒಂದಿಷ್ಟು ಚಳಿ ಅಷ್ಟೇ. ನಾವೆಲ್ಲ ಚಿಕ್ಕವರಿದ್ದಾಗ ರೇಡಿಯೇಟರ್ ಎಲ್ಲಿತ್ತು? ದಿನಕ್ಕೆ ಎರಡು ಸಲ ನಾನೇ ಚೀಲ ತುಂಬಿಸಿ ಕೊಡ್ತಿರ್ಲಿಲ್ವಾ? ಅವರನ್ನೇ ಕೇಳು."

"ಯಾಕೆ ನೆವಿಲ್?"

"ಯಾಕೆ ಅಂದ್ರೆ? ನನ್ನ ಮನೇಲಿ ನಂಗೆ ಕೂರೋಕೆ ಜಾಗ ಇಲ್ಲ! ಅಕ್ಟೋಬರಿಂದ ಆ ಸ್ಟೂಲಿನ ಮೇಲೆ ಕೂತು ಕೂತು ನನ್ನ ಸೊಂಟ ಏನಾಗಿದೆ ಗೊತ್ತಾ? ಒಂದು ಮ್ಯಾಚ್ ನೆಟ್ಟಗೆ ನೋಡಿಲ್ಲ. ಬ್ರೆಡ್ ಡಬ್ಬಿ ಪಕ್ಕದಲ್ಲಿ ಟಿವಿ! ಚೆಂಡು ಎಲ್ಲಿದೆ ಅಂತ ಕಾಣಲ್ಲ. ನಿಂಗೆ ಹೇಳಿದ್ರೆ ಕಣ್ಣೀರು ಹಾಕ್ತೀಯ. ಅವರಿಗೆ ಹೇಳಿದ್ರೆ ನಾನು ಕೆಟ್ಟವನಾಗ್ತೀನಿ. ಯಾರ ಮನಸ್ಸೂ ನೋಯದ ಹಾಗೆ, ಅವರಾಗಿ ಅವರೇ ಹೊರಡಲಿ ಅಂತ..."

"ಮ್ಯಾಚಿಗೋಸ್ಕರ."

"ಬರೀ ಮ್ಯಾಚಲ್ಲ. ಎಲ್ಲಾನೂ."

ಗೇನರ್ ಅವನನ್ನು ನೋಡಿದಳು. ಕೋಪ ಬಂದಿದ್ದರೆ ಚೆನ್ನಾಗಿತ್ತು, ಕೈಗೆ ಸಿಕ್ಕಿದ್ದನ್ನು ಎಸೆಯಬಹುದಿತ್ತು. ಅದರ ಬದಲು ಬರಿಗಾಲಲ್ಲಿ ಏನನ್ನೋ ತುಳಿದ ಹಾಗೆ ಅನಿಸುತ್ತಿತ್ತು. ಇವನಿಗೆ ಬೇರೆ ಹೆಂಗಸಿದ್ದರೆ, ಕುಡಿತ ಇದ್ದಿದ್ದರೆ, ಅವಳಿಗೆ ಅರ್ಥವಾಗುತ್ತಿತ್ತೇನೋ. ಇವನು ಬೆಳಿಗ್ಗೆ ಮುದುಕಿಯ ಮೈಯಿಂದ ಬಿಸಿಯನ್ನು ಡಬ್ಬದಲ್ಲಿ ಬಸಿದು ಕಮೋಡಿಗೆ ಸುರಿದಿದ್ದಾನೆ. ಅದೇ ಕೈಯಲ್ಲಿ ಕೆಳಗಿಳಿದು ಹೋಗಿ ಚೀಲಕ್ಕೆ ಟವಲು ಸುತ್ತಿದ್ದಾನೆ.

"ಬಟ್ಟೆ ಹಾಕ್ಕೊಂಡು ಹೊರಡು," ಎಂದಳು.

"ಎಲ್ಲಿಗೆ?"

"ನಿನ್ನ ತಮ್ಮ ಕ್ಲಿಫರ್ಡ್ ಮನೆಗೆ. ಅಂಗಡಿಗೆ. ಎಲ್ಲಿಗಾದ್ರೂ."

"ಈ ಹಿಮದಲ್ಲಾ? ಬಸ್ಸಿಲ್ಲ ಅಂತ ನೀನೇ ವಾಪಸ್ ಬಂದಿದೀಯ!"

"ಒಂದಿಷ್ಟು ಚಳಿ ಅಷ್ಟೇ ಅಂದ್ಯಲ್ಲ."

"ಮನೆ ಬಾಡಿಗೆ ಇಬ್ಬರ ಹೆಸರಲ್ಲೂ ಇದೆ ಗೇನರ್."

"ಹಾಗಾದ್ರೆ ಇಬ್ಬರೂ ಕೆಳಗೆ ಹೋಗೋಣ. ಚಿಕ್ಕಮ್ಮನ ಮುಂದೆ ನಿಂತ್ಕೊಂಡು, ನೀನು ಮಾಡಿದ್ದನ್ನ ನೀನೇ ಹೇಳು. ತುಟಿ ಕಾಣೋ ಹಾಗೆ ಹೇಳು. ಆಮೇಲೆ ಪಕ್ಕದ ಮನೆಯವರಿಗೂ ಹೇಳು. ಹೇಳಿದ ಮೇಲೆ ಬೇಕಾದ್ರೆ ಇರು."

ಅದಕ್ಕೆ ಅವನು ಸಿದ್ಧನಿರಲಿಲ್ಲ. ಬೀದಿಯ ಕಣ್ಣಲ್ಲಿ ಒಳ್ಳೆಯವನಾಗಿರುವುದೇ ಅವನ ಆಸ್ತಿ. ಚೀಲಕ್ಕೆ ಬಟ್ಟೆ ತುರುಕಿಕೊಂಡು ಮೆಟ್ಟಿಲಿಳಿದ. ಮುಂಕೋಣೆಯ ಬಾಗಿಲಿಗೆ ಬಂದಾಗ ಒಂದು ಕ್ಷಣ ನಿಂತು ಒಳಗೆ ಇಣುಕಿ, ಕೈಯೆತ್ತಿ ಆಡಿಸಿ, "ಬರ್ತೀನಿ ಚಿಕ್ಕಮ್ಮ, ಸ್ವಲ್ಪ ಕೆಲಸ ಇದೆ" ಎಂದು ನಗುತ್ತಾ ಹೇಳಿ ಹೋದ. ಮೆಟ್ಟಿಲ ತುದಿಯಲ್ಲಿ ನಿಂತಿದ್ದ ಗೇನರ್ ಅದನ್ನೂ ನೋಡಿದಳು.

ಅವನು ಹೋದ ಮೇಲೆ ಅವಳು ಕೆಳಗಿಳಿದು ಬಾಯ್ಲರಿಗೆ ನೀರು ತುಂಬಿಸಿದಳು. ಅದು ಹೊತ್ತಿಕೊಂಡಿತು. ಪೈಪುಗಳು ಟಿಕ್ ಟಿಕ್ ಎನ್ನುತ್ತಾ ಹಿಗ್ಗಿದವು. ಮುಂಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕೂತು, ಹೇಗೆ ಶುರು ಮಾಡಬೇಕೆಂದು ತಿಳಿಯದೆ ಹೊದಿಕೆಯ ದಾರ ಎಳೆಯುತ್ತಿದ್ದಳು.

"ಸಿಕ್ಕಿಬಿದ್ನಾ?" ಎಂದಳು ಹೆಟ್ಟಿ.

ಗೇನರ್ ತಲೆಯೆತ್ತಿದಳು.

"ಬಾಯಿ ಮುಚ್ಚೇ, ನೊಣ ಹೋದೀತು. ನಂಗೆ ಗೊತ್ತಿತ್ತು." ಹೆಟ್ಟಿ ಮಂಚದ ಪಕ್ಕದ ರೇಡಿಯೇಟರಿನ ಮೇಲೆ ಅಂಗೈ ಇಟ್ಟಳು. "ಮಗ್ಗದ ಗದ್ದಲಕ್ಕೆ ಕಿವಿ ಹೋಯ್ತು, ಕೈ ಹೋಗಿಲ್ಲ. ಸಾವಿರ ಎಳೆಯಲ್ಲಿ ಒಂದು ಎಳೆ ತುಂಡಾದ್ರೆ ಈ ಕೈಗೆ ತಿಳೀತಿತ್ತು. ನೀನು ಆ ಕಡೆ ಹೋದೆ ಅಂದ್ರೆ ಸಾಕು, ಈ ಕಬ್ಬಿಣ ನಡುಗೋದು. ಆಮೇಲೆ ತಣ್ಣಗಾಗೋದು. ಅವನು ಮನೇಲಿಲ್ಲದ ದಿನ ನಡುಗುತ್ತಿರಲಿಲ್ಲ. ಚೀಲ ಇಡೋಕೆ ಬಂದಾಗ ಕೈ ವಾಸನೆ ಬೇರೆ."

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿ? ನಿನ್ನ ಸಂಸಾರ ಒಡೆಯೋಕಾ? ಇನ್ನೆಷ್ಟು ದಿನ ನಾನು? ಹೇಗೂ ಹೋಗ್ತೀನಿ ಅಂತ ಒಪ್ಪಿಕೊಂಡೆ, ಅಲ್ಲಿಗೆ ಮುಗೀತು ಅಂದ್ಕೊಂಡೆ."

"ದಿನಾ ಅವನಿಗೆ ಥ್ಯಾಂಕ್ಸ್ ಹೇಳ್ತಿದ್ದೆ! ಒಳ್ಳೆ ಹುಡುಗ ಅಂತ ನನ್ನ ಹತ್ರ ಹೊಗಳ್ತಿದ್ದೆ! ಹೇಗೆ ಬಾಯಿ ಬಂತು ನಿಂಗೆ?"

"ಚೀಲ ಬಿಸಿಯಾಗೇ ಇತ್ತಲ್ಲೇ," ಎಂದಳು ಹೆಟ್ಟಿ.

ಗೇನರ್ ಎದ್ದು ಕಿಟಕಿಯ ಹತ್ತಿರ ಹೋದಳು. ಅವನ ಮೇಲಿನ ಹೇಸಿಗೆ ಈಗ ಮನೆಯ ಎಲ್ಲದಕ್ಕೂ ಹರಡಿದಂತಿತ್ತು. ಚಳಿಯಲ್ಲಿ ಹಲ್ಲು ಕಟಕಟಿಸುತ್ತಾ ಅವನಿಗೆ ಒಳ್ಳೆಯ ಮಾತಾಡಿದ ಈ ಮುದುಕಿ. ಆಶ್ರಮಕ್ಕೆ ಹೋಗುತ್ತೇನೆ ಎಂದ ದಿನ ಬಾಗಿಲಲ್ಲಿ ನಿಂತು ಹಗುರಾದ ತಾನು. ಆ ಹಗುರ ಅವನು ತಯಾರಿಸಿ ಕೊಟ್ಟದ್ದೇ ಅಲ್ಲವೆ? ತಾನು ಅದನ್ನು ಕೈನೀಡಿ ತೆಗೆದುಕೊಂಡಿದ್ದೆನಲ್ಲ.

"ನಾನು ಹೋಗಲೇಬೇಕಾ ಈಗ?" ಎಂದು ಹಿಂದಿನಿಂದ ಹೆಟ್ಟಿ ಕೇಳಿದಳು. ದನಿ ಚಿಕ್ಕ ಹುಡುಗಿಯ ದನಿಯ ಹಾಗಿತ್ತು. ಗೇನರ್ ತಿರುಗಿ, ತುಟಿ ಕಾಣುವ ಹಾಗೆ "ಇಲ್ಲ" ಎಂದಳು. ಆಶ್ರಮಕ್ಕೆ ಫೋನ್ ಮಾಡಿ ಶುಕ್ರವಾರದ ಭೇಟಿ ಬೇಡವೆಂದು ತಿಳಿಸಿದಳು. ಮಿಸೆಸ್ ಹಾವರ್ತ್ "ಮನೆ ಬೆಚ್ಚಗಾಯ್ತಾ? ಒಳ್ಳೇದಾಯ್ತು" ಎಂದಳು, ಅಷ್ಟೇ.

ಆ ದಿನವೆಲ್ಲ ಗೇನರ್ ಬಚ್ಚಲುಮನೆ ಉಜ್ಜಿದಳು. ಹಲ್ಲುಜ್ಜುವ ಬ್ರಷ್ಷು, ಲೋಟ, ಟವಲು, ಕಾಲೊರಸು, ಡಬ್ಬ ಎಲ್ಲವನ್ನೂ ಕಸದ ಚೀಲಕ್ಕೆ ತುಂಬಿದಳು. ಕಮೋಡಿನ ಅಂಚಿನ ಒಳಗೆ ಕೈ ಹಾಕಿದರೆ ಕಪ್ಪು ಹೊಟ್ಟು ಉದುರಿತು. ಸ್ನಾನದ ತೊಟ್ಟಿಯ ಪಕ್ಕದ ಹಲಗೆ ಬಿಚ್ಚಿದಾಗ ಅಲ್ಲಿ ಇನ್ನೆರಡು ಡಬ್ಬ ಸಿಕ್ಕವು, ತಳದಲ್ಲಿ ಕರಿ ಗಸಿ ಒಣಗಿ ಬಿರುಕುಬಿಟ್ಟಿತ್ತು. ಉಜ್ಜಿ ಉಜ್ಜಿ ಕೈ ಕೆಂಪಾದರೂ ನಾತ ಬಿಡಲಿಲ್ಲ. ಅಥವಾ ನಾತ ಹೋಗಿದ್ದು, ಅವಳ ಮೂಗಿನಲ್ಲೇ ಉಳಿದಿತ್ತೋ ಏನೋ.

ಮರುವಾರ ಮುದಸ್ಸರ್ ಒಂದು ದೊಡ್ಡ ಪಂಪು ತಂದು, ಮನೆಯ ಪೈಪುಗಳಿಗೆಲ್ಲ ರಭಸದಿಂದ ನೀರು ಹಾಯಿಸಿ ತೊಳೆದ. ಹಿತ್ತಲ ಚರಂಡಿಗೆ ಇಳಿಬಿಟ್ಟ ಮೆದುಗೊಳವೆಯಿಂದ ಕಪ್ಪು ನೀರು ಬುಸುಗುಡುತ್ತಾ ಬಂತು. ಬಿಳಿ ಹಿಮದ ಮೇಲೆ ಅದರ ಹನಿಗಳು ಚಿಮ್ಮಿದವು. ಗೇನರ್ ಮೂಗಿಗೆ ಬಟ್ಟೆ ಹಿಡಿದು, ನೀರು ತಿಳಿಯಾಗುವ ತನಕ ಅಲ್ಲೇ ನಿಂತು ನೋಡಿದಳು.

"ಸೋರ್ತಾ ಇದ್ದ ಜಾಗ ಕೊನೆಗೂ ಸಿಕ್ತಾ ಅಕ್ಕಾ?" ಎಂದು ಅವನು ಪಂಪಿನ ಗದ್ದಲದ ಮಧ್ಯೆ ಕೂಗಿದ.

"ಸಿಕ್ತು. ಬಚ್ಚಲುಮನೇಲಿತ್ತು. ಮನೆಯಿಂದ ಹೊರಗೆ ಹಾಕಿದೆ."

ಮುದಸ್ಸರ್ ನಗಲು ಹೊರಟವನು ಅವಳ ಮುಖ ನೋಡಿ ನಿಲ್ಲಿಸಿದ. ಬಾಗಿಲ ಹಿಂದಿನ ಗೂಟದಲ್ಲಿ ಗಂಡಸಿನ ಕೋಟು ಇಲ್ಲದ್ದನ್ನು ನೋಡಿದ. ಪಂಪಿನ ಕಡೆಗೆ ತಿರುಗಿ ಮೆದುಗೊಳವೆಯನ್ನು ಸರಿಪಡಿಸತೊಡಗಿದ.

ನೆವಿಲ್ ಮೊದಲು ಫೋನ್ ಮಾಡಿದ, ಆಮೇಲೆ ಕ್ಲಿಫರ್ಡನ ಹೆಂಡತಿಯ ಕೈಯಲ್ಲಿ ಮಾಡಿಸಿದ. "ತಪ್ಪಾಯ್ತು ಅಂತಾನೆ ಕಣೆ. ಮೂವತ್ತು ವರ್ಷದ ಸಂಸಾರ. ಹೆಂಡತಿಯ ಚಿಕ್ಕಮ್ಮನ್ನ ಇಷ್ಟು ದಿನವಾದ್ರೂ ಇಟ್ಕೊಂಡಿದ್ದನಲ್ಲ. ಗಂಡಸರು ಮಕ್ಕಳಿದ್ದ ಹಾಗೆ, ಬಿಟ್ಬಿಡು" ಎಂದಳು ಅವಳು. ಗೇನರ್ "ನಿಂಗೆ ಬೇಕಾದ್ರೆ ನೀನೇ ಇಟ್ಕೋ" ಎಂದು ಫೋನ್ ಇಟ್ಟಳು. ಹೆಟ್ಟಿಯೂ ಒಂದೆರಡು ಸಲ "ಕರೆಸ್ಕೋ ಕಂದಾ, ನಾನೇನೂ ಮನಸ್ಸಲ್ಲಿಟ್ಕೊಂಡಿಲ್ಲ" ಎಂದಳು. "ನಾನು ಇಟ್ಕೊಂಡಿದೀನಿ" ಎಂದಳು ಗೇನರ್. ಹೆಟ್ಟಿಯ ಕೆಮ್ಮು ಫೆಬ್ರವರಿ ಕಳೆದರೂ ಪೂರ್ತಿ ಹೋಗಲಿಲ್ಲ. ಒಂದೊಂದು ಸಲ ಕೆಮ್ಮಿದಾಗಲೂ ಗೇನರ್ ಕೈಯಲ್ಲಿದ್ದದ್ದನ್ನು ಕೆಳಗಿಡುತ್ತಿದ್ದಳು.

ಮಾರ್ಚಿನಲ್ಲಿ ಒಂದು ಶನಿವಾರ ಮಾರ್ಕೆಟ್ ಹಾಲಿನಲ್ಲಿ ಜನ ಕಿಕ್ಕಿರಿದಿದ್ದರು. ಗೇನರ್ ತಂತಿ ಎಳೆದು ಚೀಸ್ ಕತ್ತರಿಸುತ್ತಾ, ತೂಗುತ್ತಾ, ಕಾಗದದಲ್ಲಿ ಸುತ್ತುತ್ತಾ ಇದ್ದಳು. ಮುಂದಿನವರು ಯಾರು ಎಂದು ತಲೆಯೆತ್ತಿದರೆ ನೆವಿಲ್. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಅವನ ಹಿಂದೆ ನಾಲ್ಕೈದು ಜನ ಸಾಲು ನಿಂತಿದ್ದರು. ಅವರಲ್ಲಿ ಅವರ ಬೀದಿಯವರೇ ಇಬ್ಬರು.

"ಹೇಗಿದೀಯ?" ಎಂದ, ಎಲ್ಲರಿಗೂ ಕೇಳಿಸುವ ಹಾಗೆ ಮೃದುವಾಗಿ. "ಚಿಕ್ಕಮ್ಮ ಹೇಗಿದಾರೆ? ನಾನು ಕೇಳಿದೆ ಅಂತ ಹೇಳು."

ಸಾಲಿನಲ್ಲಿದ್ದ ಹೆಂಗಸೊಬ್ಬಳು "ಪಾಪ" ಎನ್ನುವಂತೆ ಗೇನರಳನ್ನು ನೋಡಿದಳು. ಇಂಥ ಗಂಡನನ್ನು ಹೊರಗೆ ಹಾಕಿದವಳು ಇವಳೇ ಎಂಬ ನೋಟ. ಬೀದಿಯಲ್ಲಿ ಅವನು ಯಾವ ಕಥೆ ಹೇಳಿಕೊಂಡಿದ್ದಾನೋ ಗೇನರ್ ಕೇಳಲು ಹೋಗಿರಲಿಲ್ಲ. ಈಗ ಬಾಯಿಬಿಟ್ಟು ಎಲ್ಲವನ್ನೂ ಹೇಳಿಬಿಡಬಹುದಿತ್ತು. ಡಬ್ಬ, ಕೀಲಿ, ಕಮೋಡು, ಹಲ್ಲುಜ್ಜುವ ಬ್ರಷ್ಷು. ಹೇಳಬೇಕಾದರೆ ಅದನ್ನೆಲ್ಲ ಮತ್ತೆ ಬಾಯಿಗೆ ತಂದುಕೊಳ್ಳಬೇಕಲ್ಲ ಎನಿಸಿ ಅವಳ ನಾಲಿಗೆ ಹಿಂದೆ ಸರಿಯಿತು.

"ಏನು ಕೊಡ್ಲಿ?" ಎಂದಳು.

"ಯಾವಾಗಲೂ ತಿನ್ನೋದೇ. ಪುಡಿಪುಡಿ ಆಗುತ್ತಲ್ಲ, ಅದು. ಕಾಲು ಪೌಂಡು."

ಕತ್ತರಿಸಿದಳು. ತೂಗಿದಳು. ಸುತ್ತಿ, ಅವನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು. ಅವನು ಹಣ ಇಟ್ಟು, ಇನ್ನೇನೋ ಹೇಳಲು ಬಾಯಿ ತೆರೆದ. ಗೇನರ್ ಅಷ್ಟರಲ್ಲಿ ಬೆನ್ನು ತಿರುಗಿಸಿ ಹಿಂದಿನ ಸಿಂಕಿಗೆ ಹೋಗಿ, ಬಿಸಿನೀರಿನ ನಲ್ಲಿ ಬಿಟ್ಟು, ಕತ್ತರಿಸುವ ತಂತಿ, ತಕ್ಕಡಿಯ ತಟ್ಟೆ, ಮೊಣಕೈಯ ತನಕ ತನ್ನ ಎರಡೂ ಕೈಗಳನ್ನು ಸೋಪು ಹಾಕಿ ತೊಳೆಯತೊಡಗಿದಳು.

"ಒಂದು ಚೂರು ಬೇಗ ಮಾಡ್ತೀಯೇನಮ್ಮ?" ಎಂದು ಸಾಲಿನಿಂದ ಯಾರೋ ಕೂಗಿದರು.

"ಬಂದೆ," ಎಂದಳು ಗೇನರ್. ಎಂದವಳು ಕೈಗೆ ಇನ್ನೊಂದು ಸಲ ಸೋಪು ಹಚ್ಚಿಕೊಂಡಳು.